ನಾಲ್ಕು ಹೆಸರಿನ ಒಂದೇ ಬೇನೆ



ಕೆಲವು ವರ್ಷಗಳ ಹಿಂದೆ ಸುರಪುರ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಅರ್ಪಿಸಿದ ಕೃತಜ್ಞತಾ ಪೂಜೆಯೊಂದು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ. ಆ ಹಳ್ಳಿಯ ಉಪದೇಶಿಯವರು ನನಗಿಂತ ನಾಲ್ಕೈದು ವರ್ಷ ಹಿರಿಯರು. ಮಕ್ಕಳಿಗೆ ಧರ್ಮೋಪದೇಶ ಹೇಳುವುದು, ನಾನು ಬರಲಾಗದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವುದು, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ತಲುಪುವುದು ಅವರ ಬದುಕಾಗಿತ್ತು. ಹನ್ನೆರಡು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಒಂದು ದಿನ ಅವರು ಸಂತೋಷದಿಂದ ಗುರುನಿವಾಸಕ್ಕೆ ಬಂದು ಹೇಳಿದರು: "ಫಾದರ್, ಸಕ್ಕರಿ ತಾನಾಗೇ ಇಳದದ ನೋಡ್ರಿ. ಗುಳಿಗಿ ನುಂಗಿದ್ರ ಕಣ್ಣಿಗಿ ಕತ್ತಲಿ ಬರ್ತಿತ್ತು, ಅದಕ್ಕ ಅರ್ಧ ಮಾಡೀನಿ. ಅರ್ಧ ನುಂಗಿದ್ರೂ ಏರವಲ್ದು. ದೇವರು ಕೈಬಿಟ್ಟಿಲ್ಲ."

ನಾನೂ ಸಂತೋಷಪಟ್ಟೆ. ಅವರ ಮನೆಯಂಗಳದಲ್ಲೇ ಪೂಜೆ ಅರ್ಪಿಸಿ, ಅವರ ಆರೋಗ್ಯಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸಿದೆವು. ಪೂಜೆಯ ನಂತರ ಹೋಳಿಗೆ ಊಟವಾಯಿತು. ನಾನು ಅವರ ಪಕ್ಕದಲ್ಲೇ ಕುಳಿತು ಉಂಡೆ. ಅವರ ಪಾದಗಳು ಬಾತುಕೊಂಡಿದ್ದವು. ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಗುರುತು ಮೂಡಿಸಿತ್ತು. ಅದನ್ನು ನಾನು ಕಂಡೆ, ವಯಸ್ಸಿನ ಬಾವು ಎಂದುಕೊಂಡೆ, ಮತ್ತೊಂದು ಹೋಳಿಗೆ ಹಾಕಿಸಿಕೊಂಡೆ.

ಆರು ತಿಂಗಳು ಕಳೆಯುವಷ್ಟರಲ್ಲಿ ಅವರನ್ನು ಉಸಿರುಗಟ್ಟಿದ ಸ್ಥಿತಿಯಲ್ಲಿ ಕಲಬುರಗಿಗೆ ಕರೆದೊಯ್ಯಬೇಕಾಯಿತು. ಎರಡೂ ಮೂತ್ರಪಿಂಡಗಳು ಬಹುಮಟ್ಟಿಗೆ ಕೆಲಸ ನಿಲ್ಲಿಸಿದ್ದವು. ಅಂದು ಅಲ್ಲಿನ ವೈದ್ಯರೊಬ್ಬರು ನನಗೆ ಹೇಳಿದ ಮಾತು ಇದು: ದೇಹದಲ್ಲಿರುವ ಇನ್ಸುಲಿನ್ ಅನ್ನು ಒಡೆದು ಹೊರಹಾಕುವ ಕೆಲಸದಲ್ಲಿ ಮೂತ್ರಪಿಂಡಗಳದು ದೊಡ್ಡ ಪಾಲು. ಅವು ಸೋಲತೊಡಗಿದಾಗ ಇನ್ಸುಲಿನ್ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ, ಕೆಲವು ಮಾತ್ರೆಗಳ ಪ್ರಭಾವವೂ ಹಾಗೆಯೇ ಉಳಿಯುತ್ತದೆ. ಆಗ ಸಕ್ಕರೆಯ ಅಂಶ ಇಳಿಯುತ್ತದೆ. ಹಳೆಯ ಮಧುಮೇಹಿಗೆ ಕಾರಣವಿಲ್ಲದೆ ಸಕ್ಕರೆ ಇಳಿದರೆ ಮೊದಲು ಮೂತ್ರಪಿಂಡವನ್ನು ಪರೀಕ್ಷಿಸಬೇಕು.

ನಾವು ಗುಣವಾಯಿತೆಂದು ಸ್ತೋತ್ರ ಹಾಡಿದ್ದು ವಸ್ತುತಃ ರೋಗ ತನ್ನ ಕೊನೆಯ ಘಟ್ಟವನ್ನು ಮುಟ್ಟಿದ್ದಕ್ಕೆ! ಕೃತಜ್ಞತೆ ತಪ್ಪಲ್ಲ. ಆದರೆ ವಿಚಾರಿಸದೆ ಸಲ್ಲಿಸಿದ ಕೃತಜ್ಞತೆ ನನ್ನ ಅಜ್ಞಾನಕ್ಕೆ ಹೊದಿಕೆಯಾಯಿತು. ಆ ಋಣವನ್ನು ಕಿಂಚಿತ್ತಾದರೂ ತೀರಿಸಲು ಈ ಲೇಖನ.

ಆಸ್ಪತ್ರೆಯಲ್ಲಿ ಉಪದೇಶಿಯವರ ಮಗಳು ಒಂದು ಬಟ್ಟೆಯ ಕೈಚೀಲವನ್ನು ನನ್ನ ಮುಂದೆ ಬಿಚ್ಚಿದಳು. ಅದರಲ್ಲಿ ನಾಲ್ಕು ಬಗೆಯ ಕಾಗದಗಳಿದ್ದವು. ಸಕ್ಕರೆಗೆ ಯಾದಗಿರಿಯಲ್ಲಿ ತೋರಿಸಿದ ಚೀಟಿ. ರಕ್ತದೊತ್ತಡಕ್ಕೆ ಸುರಪುರದಲ್ಲಿ ಬರೆಸಿದ ಚೀಟಿ. ತೂಕ ಹೆಚ್ಚಿ ಮೊಣಕಾಲು ಸವೆದಿದೆ, ತೂಕ ಇಳಿಸಿ ಎಂದು ಶಹಾಪುರದಲ್ಲಿ ಹೇಳಿಸಿಕೊಂಡ ಚೀಟಿ. ಕೊನೆಯದಾಗಿ, ಮೂತ್ರಪಿಂಡದ ಹೊಸ ಕಾಗದ. ಒಂದು ಊರಿನ ಕಾಗದವನ್ನು ಮತ್ತೊಂದು ಊರಿನಲ್ಲಿ ಅವರು ತೋರಿಸಿರಲೇ ಇಲ್ಲ. "ಆ ಬ್ಯಾನಿಗಿ ಆ ಡಾಕ್ಟರ್, ಈ ಬ್ಯಾನಿಗಿ ಈ ಡಾಕ್ಟರ್" ಎಂಬುದು ಅವರ ಲೆಕ್ಕ. ನಮ್ಮಲ್ಲಿ ಬಹುತೇಕರ ಲೆಕ್ಕವೂ ಅದೇ ಅಲ್ಲವೇ?

ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ನೀವು ಕಂಡಿದ್ದೀರಿ. ಬುಡಕ್ಕೆ ಹೋಗಿ ನಿಂತರೆ ಬೇರೆ ಬೇರೆ ಗುಡ್ಡಗಳು, ಬಂಡೆಗಳು. ದೂರದ ರಸ್ತೆಯಿಂದ ನೋಡಿದರೆ ಮಾತ್ರ ಅದೆಲ್ಲವೂ ಸೇರಿ ಅಂಗಾತ ಮಲಗಿದ ಒಂದೇ ದೇಹವಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಮೂತ್ರಪಿಂಡದ ಬೇನೆ ಇವೂ ಹಾಗೆಯೇ. ವೈದ್ಯಲೋಕವೂ ಈಚೆಗೆ ಇವನ್ನು ಒಟ್ಟಾಗಿ ನೋಡತೊಡಗಿದೆ. 2023ರಲ್ಲಿ ಅಮೆರಿಕದ ಹೃದ್ರೋಗ ಸಂಘವು ಹೃದಯ, ಮೂತ್ರಪಿಂಡ ಮತ್ತು ಚಯಾಪಚಯದ ಈ ತೊಂದರೆಗಳಿಗೆಲ್ಲ ಸೇರಿಸಿ ಒಂದೇ ಹೆಸರನ್ನು ಸೂಚಿಸಿತು.

ಇವು ಹೇಗೆ ಬೆಸೆದುಕೊಂಡಿವೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುತ್ತೇನೆ. ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಕೊಬ್ಬು ಸೇರಿದಾಗ ದೇಹ ಇನ್ಸುಲಿನ್ ಮಾತನ್ನು ಕೇಳುವುದಿಲ್ಲ. ಮೇದೋಜೀರಕ ಗ್ರಂಥಿಯು ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸಿ ಕೊನೆಗೆ ದಣಿಯುತ್ತದೆ. ಆಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದೇ ಕೊಬ್ಬು ಮತ್ತು ಅದೇ ಹೆಚ್ಚುವರಿ ಇನ್ಸುಲಿನ್ ಉಪ್ಪನ್ನು ದೇಹದಲ್ಲೇ ಹಿಡಿದಿಡುವುದರಿಂದ ರಕ್ತದೊತ್ತಡವೂ ಏರುತ್ತದೆ. ಹೀಗೆ ಒಂದೇ ಹೊಟ್ಟೆಯಿಂದ ಎರಡು ಬೇನೆಗಳು ಹುಟ್ಟುತ್ತವೆ.

ಈ ಎರಡೂ ಹೋಗಿ ಬೀಳುವುದು ಮೂತ್ರಪಿಂಡದ ಮೇಲೆ. ಮುಷ್ಟಿಗಾತ್ರದ ಪ್ರತಿಯೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಅತಿಸೂಕ್ಷ್ಮ ಸೋಸುವ ಘಟಕಗಳಿವೆ. ಎರಡೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನೆಲ್ಲ ಹಿಂದಕ್ಕೆ ಪಡೆದು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಸಕ್ಕರೆ ಹೆಚ್ಚಾದಾಗ ಈ ಸೋಸುವ ಜಾಲರಿಯ ಮೇಲೆ ಒತ್ತಡ ಬಿದ್ದು ಅದು ಅತಿಯಾಗಿ ದುಡಿಯುತ್ತದೆ, ದಪ್ಪಗಾಗುತ್ತದೆ, ಕಡೆಗೆ ಹರಿಯುತ್ತದೆ. ಹರಿದ ಜಾಲರಿಯಿಂದ ಮೊದಲು ಸೋರುವುದು ಆಲ್ಬುಮಿನ್ ಎಂಬ ಪ್ರೋಟೀನ್. ರಕ್ತದೊತ್ತಡ ಅದೇ ಜಾಲರಿಯನ್ನು ಹೊರಗಿನಿಂದ ಬಡಿಯುತ್ತದೆ.

ಇಲ್ಲಿಗೇ ನಿಂತಿದ್ದರೆ ಇದು ಒಂದು ಸರಪಳಿಯಾಗಿರುತ್ತಿತ್ತು. ಆದರೆ ಇದು ಸುಳಿ. ನಮ್ಮ ಕಾಲುವೆಗಳ ಕೊನೆ ಭಾಗದ ರೈತರ ಪಾಡನ್ನು ನೆನೆಯಿರಿ. ತಮ್ಮ ಹೊಲಕ್ಕೆ ನೀರು ಮುಟ್ಟದಿದ್ದಾಗ ಅವರು ಮೇಲಿನಿಂದ ಇನ್ನೂ ಹೆಚ್ಚು ನೀರು ಬಿಡಿರೆಂದು ಕೂಗುತ್ತಾರೆ. ಬಿಟ್ಟ ನೀರಿನ ರಭಸಕ್ಕೆ ಮೊದಲೇ ದುರ್ಬಲವಾಗಿದ್ದ ದಂಡೆಗಳು ಒಡೆಯುತ್ತವೆ, ಕೊನೆಯ ಹೊಲಕ್ಕೆ ಮತ್ತೂ ಕಡಿಮೆ ನೀರು ಬರುತ್ತದೆ. ಗಾಯಗೊಂಡ ಮೂತ್ರಪಿಂಡವೂ ತನಗೆ ರಕ್ತ ಸಾಲದೆಂದು ತಿಳಿದು ರೆನಿನ್ ಎಂಬ ದ್ರವ್ಯವನ್ನು ಕಳುಹಿಸಿ ಕೂಗುತ್ತದೆ. ದೇಹ ರಕ್ತನಾಳಗಳನ್ನು ಬಿಗಿಗೊಳಿಸಿ, ಉಪ್ಪನ್ನು ಹಿಡಿದಿಟ್ಟು ಒತ್ತಡವನ್ನು ಏರಿಸುತ್ತದೆ. ಏರಿದ ಒತ್ತಡವು ಉಳಿದ ಜಾಲರಿಯನ್ನೂ ಒಡೆಯುತ್ತದೆ. ಇತ್ತ ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂತಹ ಗುಳಿಗೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ. ಉಪದೇಶಿಯವರು ಆ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದ್ದರು. ಪೂಜೆಯಲ್ಲಿ ಮೊಣಕಾಲೂರಲು ಆಗಬೇಕಲ್ಲ ಎಂಬುದೇ ಅವರ ಕಾರಣವಾಗಿತ್ತು!

"ನಮ್ಮದು ಬಡ ಜಿಲ್ಲೆ, ಬೊಜ್ಜು, ಸಕ್ಕರೆ ಇವೆಲ್ಲ ಶ್ರೀಮಂತರ ರೋಗ" ಎಂದು ನೀವು ಹೇಳಬಹುದು. ನಾನೂ ಹಾಗೆಯೇ ನಂಬಿದ್ದೆ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕುಗಳು ಸೇರಿ 2009ರ ಡಿಸೆಂಬರ್ 30ರಂದು ನಮ್ಮ ಜಿಲ್ಲೆ ರೂಪುಗೊಂಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಂಥ ನಾಡಿನಲ್ಲಿ ಬೊಜ್ಜಿನ ಮಾತೇ?

ಉತ್ತರದ ಒಂದು ಭಾಗ ನಮ್ಮದೇ ರಾಜ್ಯದ ಮೈಸೂರಿನಲ್ಲಿ ದೊರೆತಿದೆ. ಅಲ್ಲಿ ಜನರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಹಳೆಯ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿ ಬೆಳೆದು ನಡುವಯಸ್ಸು ತಲುಪಿದ್ದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿತ್ತೆಂದು 1996ರಲ್ಲಿ ಪ್ರಕಟಿಸಿದರು. ಮುಂದೆ ಅದೇ ಆಸ್ಪತ್ರೆಯ ಗರ್ಭಿಣಿಯರನ್ನೂ ಮಕ್ಕಳನ್ನೂ ಅನುಸರಿಸಿ ನಡೆಸಿದ ಅಧ್ಯಯನದಲ್ಲಿ, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ ಬಾಲ್ಯದಲ್ಲೇ ಹೆಚ್ಚು ಕೊಬ್ಬು ಕಂಡುಬಂತು. ಯಾರೋ ದಾದಿಯರು ನಿತ್ಯದ ಕರ್ತವ್ಯವೆಂದು ಬರೆದಿಟ್ಟ ಅಂಕಿಗಳು ಅರುವತ್ತು ವರ್ಷಗಳ ಬಳಿಕ ಮಾತನಾಡಿದವು! ಗರ್ಭದಲ್ಲಿ ಹಸಿದ ಮಗು ಕಡಿಮೆ ಸೋಸುವ ಘಟಕಗಳೊಂದಿಗೆ ಹುಟ್ಟುತ್ತದೆ. ಹಸಿವಿಗೆ ಹೊಂದಿಕೊಂಡ ಆ ದೇಹಕ್ಕೆ ಮುಂದೆ ಊಟ ಹೆಚ್ಚಿ ದುಡಿಮೆ ತಗ್ಗಿದಾಗ, ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಕೂಡುತ್ತದೆ. ಹಸಿವೂ ಬೊಜ್ಜೂ ವೈರಿಗಳಲ್ಲ, ಒಂದೇ ಮನೆಯ ಅಜ್ಜಿ ಮತ್ತು ಮೊಮ್ಮಗಳು.

ಉತ್ತರದ ಇನ್ನೊಂದು ಭಾಗ ನಮ್ಮ ಕಣ್ಣಮುಂದೆಯೇ ಇದೆ. ಕೃಷ್ಣಾ ನದಿಗೆ ಅಡ್ಡಲಾಗಿ ನಾರಾಯಣಪುರದ ಬಸವಸಾಗರ ಜಲಾಶಯವು 1982ರಲ್ಲಿ ಪೂರ್ಣಗೊಂಡಿತು. ಕಾಲುವೆಗಳು ಬಂದವು, ಶಹಾಪುರ, ಸುರಪುರದ ಹೊಲಗಳಲ್ಲಿ ಭತ್ತ ತೂಗಿತು. ಒಂದು ಕಾಲಕ್ಕೆ ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ದಿನದ ಊಟವಾಯಿತು. ನೀರು ಬಂದದ್ದು ಆಶೀರ್ವಾದವೇ ಹೌದು, ಅದನ್ನು ಹಳಿಯುವ ಹಕ್ಕು ಉಂಡು ಬೆಳೆದ ನನಗಿಲ್ಲ. ಆದರೆ ಖಡಕ್ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳಿನ ಜಾಗವನ್ನು ಬಿಳಿ ಅನ್ನ ಆಕ್ರಮಿಸಿತು. ಸಂಜೆಯ ಮಿರ್ಚಿ ಭಜಿ, ನಾಲ್ಕು ಹೊತ್ತಿನ ಸಕ್ಕರೆ ಚಹಾ, ಬಾಟಲಿಯ ತಂಪು ಪಾನೀಯ ಸೇರಿದವು. ನಡೆದು ಹೋಗುತ್ತಿದ್ದ ಹೊಲಕ್ಕೆ ಬೈಕಿನಲ್ಲಿ ಹೋಗುತ್ತೇವೆ. ದುಡಿಯಲು ಬೆಂಗಳೂರು, ಪುಣೆಗಳಿಗೆ ವಲಸೆ ಹೋದ ನಮ್ಮ ಮಕ್ಕಳು ಕಟ್ಟಡದ ನೆರಳಿನಲ್ಲಿ ಸಿಕ್ಕಿದ್ದನ್ನು ತಿಂದು, ತಿಂಗಳ ಗುಳಿಗೆ ಮುಗಿದರೂ ಊರಿಗೆ ಬರುವವರೆಗೆ ಕಾಯುತ್ತಾರೆ.

ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಯಸ್ಕರಲ್ಲಿ ಶೇಕಡ 11.4ರಷ್ಟು ಮಂದಿಗೆ ಮಧುಮೇಹ, ಶೇಕಡ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ, ಶೇಕಡ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜು ಇದೆ. ಭಾನುವಾರ ದೇವಾಲಯದಲ್ಲಿ ಸೇರುವ ನಮ್ಮನ್ನೇ ಎಣಿಸಿಕೊಳ್ಳಿ. ಮೂವರು ಹಿರಿಯರಲ್ಲಿ ಒಬ್ಬರಿಗೆ ರಕ್ತದೊತ್ತಡ ಎಂದಾಯಿತು.

ಈಗ ನನ್ನ ವಿಷಯ. ಉಪದೇಶಿಯವರನ್ನು ಆಸ್ಪತ್ರೆಗೆ ಸೇರಿಸಿ ಹೊರಡುವಾಗ ಆ ವೈದ್ಯರು ನನ್ನ ಹೊಟ್ಟೆಯನ್ನು ನೋಡಿ ನಕ್ಕು, "ಫಾದರ್, ತಾವು ಮೂತ್ರ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?" ಎಂದು ಕೇಳಿದರು. ನಾನು ಎಂದೂ ಮಾಡಿಸಿರಲಿಲ್ಲ. ರಕ್ತದೊತ್ತಡದ ಗುಳಿಗೆಯನ್ನು ತಲೆನೋವು ಬಂದಾಗ ಮಾತ್ರ ನುಂಗುತ್ತಿದ್ದೆ. ಗುರುಮಠದಲ್ಲಿ ನಾವು ತತ್ತ್ವಶಾಸ್ತ್ರ ಓದಿದೆವು, ದೈವಶಾಸ್ತ್ರ ಓದಿದೆವು. ದಿನಕ್ಕೆ ಹತ್ತು ಮನೆ ಭೇಟಿ ಮಾಡಿ ಹತ್ತು ಲೋಟ ಸಕ್ಕರೆ ಚಹಾ ಕುಡಿದರೆ ಏನಾಗುತ್ತದೆಂದು ಯಾರೂ ಹೇಳಿಕೊಡಲಿಲ್ಲ. ಬೇಡವೆಂದರೆ ಮನೆಯವರು ನೊಂದಾರೆಂಬ ಭಯ, ನಿಜ ಹೇಳಬೇಕೆಂದರೆ ರುಚಿಯ ಆಸೆಯೂ ಉಂಟು. ತಪಸ್ಸು ಕಾಲದಲ್ಲಿ ಉಪವಾಸದ ಬಗ್ಗೆ ಪ್ರಬೋಧನೆ ನೀಡಿ, ಪಾಸ್ಕ ಹಬ್ಬದ ಮರುದಿನದಿಂದ ನಲವತ್ತು ದಿನದ ಬಾಕಿಯನ್ನು ತೀರಿಸುತ್ತಿದ್ದವನು ನಾನು. ಅಂದೇ ಮಾಡಿಸಿದ ಪರೀಕ್ಷೆಯಲ್ಲಿ ನನ್ನ ಮೂತ್ರದಲ್ಲೂ ಆಲ್ಬುಮಿನ್ ಸೋರುತ್ತಿತ್ತು. ಸಕ್ಕರೆಯೂ ಎಲ್ಲೆ ದಾಟಿತ್ತು. ನನಗೆ ಯಾವ ನೋವೂ ಇರಲಿಲ್ಲ.

ಆ ರಾತ್ರಿ ಗುರುಮಠದ ಒಂದು ಪಾಠ ನೆನಪಾಯಿತು. ಹಳೆಯ ಒಡಂಬಡಿಕೆಯ ಹೀಬ್ರೂ ಮೂಲದಲ್ಲಿ ದೇವರು ಮನುಷ್ಯನ ಹೃದಯವನ್ನಷ್ಟೇ ಅಲ್ಲ, ಮೂತ್ರಪಿಂಡಗಳನ್ನೂ ಪರೀಕ್ಷಿಸುತ್ತಾರೆಂದಿದೆ. ಆ ಜನರು ಮನುಷ್ಯನ ಗುಪ್ತ ಭಾವನೆಗಳ, ಮನಸ್ಸಾಕ್ಷಿಯ ನೆಲೆ ಅಲ್ಲಿದೆಯೆಂದು ಭಾವಿಸಿದ್ದರು. ಕನ್ನಡದಲ್ಲಿ ಅದನ್ನು ಅಂತರಿಂದ್ರಿಯ, ಅಂತರಂಗ ಎಂಬ ಮಾತುಗಳಿಂದ ಅನುವಾದಿಸಿದ್ದೇವೆ. ಅಂದು ಅದು ನನಗೆ ವಿಚಿತ್ರವೆನಿಸಿತ್ತು, ಇಂದು ಹಾಗೆನಿಸುವುದಿಲ್ಲ. ಮನಸ್ಸಾಕ್ಷಿಯಂತೆಯೇ ಮೂತ್ರಪಿಂಡವೂ ಮೌನವಾಗಿ ಸಹಿಸುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಏರಿ ಕಾಣಿಸಿಕೊಳ್ಳುವ ಹೊತ್ತಿಗೆ ಅದರ ಶಕ್ತಿ ಅರ್ಧದಷ್ಟು ಕಳೆದುಹೋಗಿರಬಹುದು. ಅದು ಕೂಗುವವರೆಗೆ ಕಾಯಬಾರದು, ನಾವೇ ಹೋಗಿ ಕೇಳಬೇಕು.

ಆದ್ದರಿಂದ ನಿಮ್ಮಲ್ಲಿ ನನ್ನ ಕೆಲವು ವಿನಂತಿಗಳಿವೆ. ಮೂವತ್ತು ದಾಟಿದವರೆಲ್ಲರೂ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಬೇಕಿಲ್ಲ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಎಚ್ಚರಗೊಳ್ಳಿ, ಇದಕ್ಕೆ ದರ್ಜಿಯ ಟೇಪು ಸಾಕು. ಸಕ್ಕರೆ ಅಥವಾ ಒತ್ತಡ ಈಗಾಗಲೇ ಇದ್ದವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್ ಹಾಗೂ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಮೂತ್ರದಲ್ಲಿ ನೊರೆ, ಕಾಲಿನ ಬಾವು, ರಾತ್ರಿ ಪದೇಪದೇ ಏಳುವುದು ಇವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ.

ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿಟ್ಟು, ಯಾವ ವೈದ್ಯರ ಬಳಿಗೆ ಹೋದರೂ ಇಡೀ ಚೀಲವನ್ನು ತೋರಿಸಿ. ನೋವಿನ ಗುಳಿಗೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಹಾಯಾಗಿದ್ದೇನೆಂದು ಒತ್ತಡದ ಗುಳಿಗೆ ಬಿಡಬೇಡಿ, ಆ ಗುಳಿಗೆಯಿಂದಲೇ ನೀವು ಹಾಯಾಗಿರುವುದು. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಚಹಾ ಚಮಚಕ್ಕಿಂತ ತುಸು ಕಡಿಮೆ. ಉಪ್ಪಿನಕಾಯಿ, ಹಪ್ಪಳಗಳೂ ಈ ಲೆಕ್ಕದೊಳಗೇ. ರೊಟ್ಟಿಗೆ ಮರಳುವುದು ಒಳ್ಳೆಯದೇ, ಆದರೆ ಜೋಳವೂ ಸಕ್ಕರೆಯನ್ನು ಏರಿಸುತ್ತದೆ ಎಂಬುದನ್ನು ಮರೆತು ಆರು ರೊಟ್ಟಿ ಉಣ್ಣಬೇಡಿ. ಮೂತ್ರಪಿಂಡ ಈಗಾಗಲೇ ಕೆಟ್ಟವರಿಗೆ ಪಥ್ಯ ಬೇರೆಯೇ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿರುವ ಪೊಟ್ಯಾಸಿಯಂ ಅವರ ಹೃದಯಕ್ಕೇ ಅಪಾಯ ತರಬಹುದು. ಅವರು ನೆರೆಯವರ ಸಲಹೆಗಿಂತ ವೈದ್ಯರ ಸಲಹೆಯನ್ನು ನಂಬಲಿ.

ಭರವಸೆಯ ಮಾತೂ ಇದೆ. ಆರಂಭದಲ್ಲೇ ಕಂಡುಹಿಡಿದರೆ ಈ ಸುಳಿಯನ್ನು ನಿಧಾನಗೊಳಿಸುವ ಔಷಧಗಳು ಇಂದು ಉಂಟು. ರಕ್ತದೊತ್ತಡದ ಕೆಲವು ಗುಳಿಗೆಗಳು ಮೂತ್ರಪಿಂಡದ ಆ ಕೂಗನ್ನೇ ತಣಿಸುತ್ತವೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಹೊಸ ಗುಳಿಗೆಗಳು ಸಕ್ಕರೆಯೊಂದಿಗೆ ಮೂತ್ರಪಿಂಡವನ್ನೂ ಹೃದಯವನ್ನೂ ಕಾಯುತ್ತವೆ. ಅವುಗಳಲ್ಲೊಂದಾದ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಅವಧಿ 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಡಯಾಲಿಸಿಸ್ ಅನಿವಾರ್ಯವಾದ ಬಡವರಿಗೆ 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಸೇವೆಯಿದೆ. ಸಾಲ ಮಾಡಿ, ಹೊಲ ಮಾರಿ ಓಡುವ ಮೊದಲು ಅಲ್ಲಿ ವಿಚಾರಿಸಿ.

ನಮ್ಮ ಉಪದೇಶಿಯವರು ಈಗ ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗುತ್ತಾರೆ. ಉಪದೇಶದ ತರಗತಿಯನ್ನು ಅವರ ಮಗಳು ನಡೆಸುತ್ತಾಳೆ. ಅವಳ ರಕ್ತದೊತ್ತಡವೂ ಎಲ್ಲೆಯ ಹತ್ತಿರವಿದೆಯೆಂದು ತಿಳಿದುಬಂದಿದೆ. ಅವಳಿಗಿನ್ನೂ ಮೂವತ್ತೆರಡು, ಕಾಲ ಮೀರಿಲ್ಲ. ನಾನು ಗುಳಿಗೆಯನ್ನು ತಪ್ಪಿಸುವುದಿಲ್ಲ. ಮನೆ ಭೇಟಿಗೆ ಹೋದಾಗ ನೀರು ಕೇಳಿ ಕುಡಿಯುತ್ತೇನೆ. ಮೊದಮೊದಲು ಜನರು ನೊಂದರು. ಈಗ ಕಾರಣ ಕೇಳುತ್ತಾರೆ, ನಾನು ಹೇಳುತ್ತೇನೆ.

ಈ ಲೇಖನ ಬರೆಯುವ ಮುನ್ನ ಅವರ ಅನುಮತಿ ಕೇಳಲು ಹೋಗಿದ್ದೆ. ತೋಳಿನ ಸೂಜಿಯ ಗುರುತುಗಳನ್ನು ಸವರಿಕೊಳ್ಳುತ್ತಾ ಅವರು ಹೇಳಿದರು: "ನನ್ನ ಹೆಸರ ಬರಿಬ್ಯಾಡ್ರಿ ಫಾದರ್. ನನ್ನ ಕಾಲಿನ ಬಾವು ಬರೀರಿ. ಮುಂದ ಯಾರರ ಮನ್ಯಾಗ ಊಟಕ್ಕ ಕುಂತಾಗ ಹಂಥ ಕಾಲು ಕಂಡ್ರ, ಹೋಳಿಗಿ ಬಿಟ್ಟು ಮೊದಲ ಅದನ್ನ ಕೇಳ್ರಿ."

ಪ್ರಿಯರೇ, ಆ ಮಾತನ್ನು ಅವರು ನನಗೆ ಹೇಳಿದರು. ನಾನು ನಿಮಗೆ ತಲುಪಿಸಿದ್ದೇನೆ.